ಸೆಲ್ಲು, ದುರ್ಬೀನು ಮತ್ತು ನಮ್ಮತ್ತೆ

ಅನುಮಾನ ರಕ್ತದಲ್ಲಿ ಬರುವ ಗುಣ ಎಂದು ಯಾರಾದರೂ ಹೇಳಿದರೆ ನಾನು ಬಹಳ ದಿನ ಒಪ್ಪುತ್ತಿರಲಿಲ್ಲ. ರಕ್ತದಲ್ಲಿ ಬರುವುದಾಗಿದ್ದರೆ ನನಗೆ ಅದು ಬರಲೇಬಾರದಿತ್ತು. ನನ್ನ ತೌರು ಕನಕಪುರದ ಆಚೆ, ಕೋಡಿಹಳ್ಳಿ ಕಡೆ. ನಮ್ಮಪ್ಪ ಸಂತೆಯಲ್ಲಿ ಹಸು ಕೊಳ್ಳುವಾಗ ಅದರ ಬಾಯಿ ತೆಗೆಸಿ ಹಲ್ಲು ನೋಡಿದವರೇ ಅಲ್ಲ. ಮಾರುವವನ ಮುಖ ನೋಡಿ, "ಒಳ್ಳೆ ಮನುಷ್ಯ ಇದ್ದಂಗವ್ನೆ" ಎಂದು ಹಗ್ಗ ಹಿಡಿದುಕೊಂಡು ಬಂದುಬಿಡುತ್ತಿದ್ದರು. ಆ ಹಸುಗಳು ಒಂದೋ ಒದೆಯುತ್ತಿದ್ದವು, ಇಲ್ಲವೇ ಕರೆಯಲು ಕೂತರೆ ಹಾಲನ್ನೇ ಬಿಡುತ್ತಿರಲಿಲ್ಲ. ಅಪ್ಪ ಅದರ ಬೆನ್ನು ಸವರುತ್ತಾ, "ಪಾಪ, ಅದುಕ್ಕೇನ್ ಕಷ್ಟವೋ" ಎನ್ನುತ್ತಿದ್ದರು.

ಅಂಥವರ ಮಗಳಾದ ನಾನು ಈಗ ಹೇಗಾಗಿದ್ದೇನೆ ಗೊತ್ತೇ? ಅಂಗಡಿಯಲ್ಲಿ ಬೇಳೆ ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತೇನೆ. ಹಾಲಿನ ಕವರು ಕತ್ತರಿಸಿದ ಮೇಲೆ ಮೂಸುತ್ತೇನೆ. ಆಟೋದವನು ಗೊತ್ತಿಲ್ಲದ ರಸ್ತೆಗೆ ತಿರುಗಿಸಿದರೆ ಕೂತಲ್ಲೇ ಕೆಮ್ಮುತ್ತೇನೆ. ಮೊನ್ನೆ ಬಾಗಿಲಿಗೆ ಬಂದ ಸೊಳ್ಳೆ ಔಷಧಿಯವನನ್ನು ಎಷ್ಟು ಪ್ರಶ್ನೆ ಕೇಳಿದೆನೆಂದರೆ ಅವನು ಔಷಧಿ ಹೊಡೆಯದೇ ಹೊರಟುಹೋದ. ಕಾಲೇಜಿನಿಂದ ಬಂದ ಮಗಳು ಇದನ್ನೆಲ್ಲ ನೋಡಿ ಸೊಂಟದ ಮೇಲೆ ಕೈಯಿಟ್ಟು, "ಅಮ್ಮಾ, ಥೇಟ್ ಅಜ್ಜಿ ಕಣಮ್ಮ ನೀನು. ರಕ್ತದಲ್ಲೇ ಬಂದಿದೆ ನಿಂಗೆ" ಎಂದಳು.

ಅಜ್ಜಿ ಎಂದರೆ ನಮ್ಮತ್ತೆ. ಅತ್ತೆಯಿಂದ ಸೊಸೆಗೆ ಓಲೆ ಬರಬಹುದು, ಒಗ್ಗರಣೆ ಹಾಕುವ ಕ್ರಮ ಬರಬಹುದು, ಬೈಗುಳವಂತೂ ಧಾರಾಳವಾಗಿ ಬರುತ್ತದೆ. ರಕ್ತದಲ್ಲಿ ಏನು ಬರಲು ಸಾಧ್ಯ? ಇಷ್ಟು ವರ್ಷ ಮಕ್ಕಳಿಗೆ ವಿಜ್ಞಾನ ಪಾಠ ಮಾಡಿದವಳು ನಾನು, ನನಗಷ್ಟೂ ಗೊತ್ತಿಲ್ಲವೇ? ಆದರೆ ಅದರ ಮೇಲೂ ಈಚೆಗೆ ನನಗೆ ಅನುಮಾನ ಹತ್ತಿದೆ.

ನೀವು ನಮ್ಮತ್ತೆ ಪುಟ್ಟಮ್ಮನವರನ್ನು ನೋಡಿಲ್ಲ. ನೀವು ನೋಡುವ ಮೊದಲು ಅವರೇ ನಿಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮುಗಿಸಿರುತ್ತಿದ್ದರು. ಚನ್ನಪಟ್ಟಣ ತಾಲ್ಲೂಕಿನಲ್ಲಿ ಬೈರಾಪಟ್ಟಣದ ಹತ್ತಿರ ನಮ್ಮೂರು. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಮಾವ ಬೇಗ ತೀರಿಕೊಂಡದ್ದರಿಂದ ಹಿಪ್ಪುನೇರಳೆ ತೋಟ, ಹುಳ, ಮನೆ ಎಲ್ಲ ಅತ್ತೆಯ ತಲೆಯ ಮೇಲೆಯೇ. ಹಿತ್ತಿಲಲ್ಲಿ ಒಂದು ಉದ್ದನೆಯ ಹೆಂಚಿನ ಕೋಣೆಯಿತ್ತು. ಅದಕ್ಕೆ ಹುಳದ ಮನೆ ಎಂದು ಹೆಸರು. ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕದಡಿದ ನೀರಿನ ಬೋಸಿ. ಅದರಲ್ಲಿ ಕಾಲು ತೊಳೆಯದೆ ಒಳಗೆ ಹೋಗುವಂತಿಲ್ಲ. ಮದುವೆಯಾದ ಹೊಸದರಲ್ಲಿ ನಾನು ಮುಖಕ್ಕೆ ಘಮ್ಮೆನ್ನುವ ಪೌಡರು ಹಚ್ಚಿಕೊಂಡು, ಮಲ್ಲಿಗೆ ಮುಡಿದುಕೊಂಡು, ಅತ್ತೆಗೆ ಸಹಾಯ ಮಾಡೋಣವೆಂದು ಉತ್ಸಾಹದಿಂದ ಹೊರಟೆ. ಅವರು ಬಾಗಿಲಿಗೆ ಅಡ್ಡ ಕೈಯಿಟ್ಟು ಮೂಗರಳಿಸಿದರು.

"ಏನ್ ಬಳ್ಕಂಡಿದ್ದೀಯೆ?"

"ಪೌಡರ್ ಅತ್ತೆ."

"ಹುಳ ನಿನ್ ಮಕ ನೋಡಲ್ಲ ಕಣವ್ವ. ಹೋಗು, ತೊಳ್ಕಂಡ್ ಬಾ."

ಅದೇ ವಾರದ ಇನ್ನೊಂದು ಪ್ರಸಂಗ ಹೇಳಿಬಿಡುತ್ತೇನೆ, ಹೇಳದಿದ್ದರೆ ನನ್ನ ಗಂಡ ಎಲ್ಲಾದರೂ ಹೇಳುತ್ತಾರೆ. ಬೆಳಗ್ಗೆ ಅತ್ತೆ ಹುಳದ ಮನೆಯಿಂದ ಹೊರಬಂದು, "ಎಲ್ಲಾ ಜ್ವರಕ್ಕೆ ಕೂತವೆ, ಯಾರೂ ಗಲಾಟೆ ಮಾಡ್ಬ್ಯಾಡಿ" ಎಂದರು. ನಾನು ಪೆಟ್ಟಿಗೆಯಿಂದ ಜ್ವರದ ಮಾತ್ರೆ ತೆಗೆದುಕೊಂಡು ಓಡಿದೆ. ಹುಳ ಪೊರೆ ಕಳಚುವ ಮೊದಲು ಮೇವು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂರುವುದಕ್ಕೆ ಆ ಸೀಮೆಯಲ್ಲೆಲ್ಲ ಜ್ವರ ಎನ್ನುತ್ತಾರೆ ಎಂದು ನನಗೆ ಹೇಗೆ ಗೊತ್ತಿರಬೇಕು? ನಮ್ಮ ಕಡೆ ರಾಗಿ ಮತ್ತು ದನ. ಅತ್ತೆ ನನ್ನ ಕೈಯಲ್ಲಿದ್ದ ಮಾತ್ರೆ ನೋಡಿದರು, ಆಮೇಲೆ ಮಗನ ಕಡೆ ನೋಡಿದರು. ಬಿ.ಎಸ್ಸಿ. ಓದಿದ ಹುಡುಗಿ ಎಂದು ಹೇಳಿ ಮಾಡಿದ ಮದುವೆ ಅದು.

ನನ್ನ ಗಂಡ ರಾಜಣ್ಣನಿಗೆ ಬಿಡದಿಯ ಕೈಗಾರಿಕಾ ಪ್ರದೇಶದಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಪಾಳಿ ಕೆಲಸವಾದ್ದರಿಂದ ಅವರು ಬರುವಾಗ ನಾನು ಶಾಲೆಗೆ ಹೊರಟಿರುತ್ತಿದ್ದೆ, ನಾನು ಬರುವಾಗ ಅವರು ಮಲಗಿರುತ್ತಿದ್ದರು. ಮನೆಯ ಸುದ್ದಿಯೆಲ್ಲ ನಮ್ಮಿಬ್ಬರಿಗೂ ಅತ್ತೆಯ ಬಾಯಿಂದಲೇ ಗೊತ್ತಾಗಬೇಕಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಅವರು ಕಾರ್ಖಾನೆಯಿಂದ ಬಂದರೆ ತಲೆಗೆ ನೀರು ಹಾಕಿಕೊಳ್ಳದೆ ಹಿತ್ತಿಲಿಗೆ ಕಾಲಿಡುವಂತಿರಲಿಲ್ಲ. ಸೊಪ್ಪಿನ ಎಲೆಯ ಮೇಲೆ ಒಸಿ ಧೂಳು ಕಂಡರೂ ಅತ್ತೆ, "ನಿಮ್ ಬಿಡ್ದಿ ಹೊಗೆ" ಎನ್ನುತ್ತಿದ್ದರು. ಗಾಳಿ ಆ ದಿಕ್ಕಿನಿಂದ ಬೀಸಿದರೆ ಹುಳದ ಮನೆಯ ಕಿಟಕಿಗೆ ಗೋಣಿತಾಟು ಬೀಳುತ್ತಿತ್ತು. ಬಿಡದಿ ಎಲ್ಲಿ, ನಮ್ಮೂರು ಎಲ್ಲಿ! ನಡುವೆ ರಾಮನಗರದ ಬಂಡೆಗಳೆಲ್ಲ ಅಡ್ಡ ನಿಂತಿವೆ. ಹೇಳಿದರೆ ಕೇಳಬೇಕಲ್ಲ.

ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಒಂದು ಭಾನುವಾರ ನಾನು ನಡುಮನೆಯಲ್ಲಿ ಹಾಳೆ ಹಾಸಿಕೊಂಡು ಜೀವಕೋಶದ ಚಿತ್ರ ಬರೆಯುತ್ತಿದ್ದೆ. ದೊಡ್ಡದೊಂದು ಸೊಟ್ಟ ವರ್ತುಲ, ಮಧ್ಯೆ ಒಂದು ಸಣ್ಣ ವರ್ತುಲ, ಅಲ್ಲಲ್ಲಿ ಬಣ್ಣಬಣ್ಣದ ಗೆರೆಗಳು. ಅತ್ತೆ ಬಂದು ಹಾಳೆಯ ಪಕ್ಕ ಕುಕ್ಕರಗಾಲಲ್ಲಿ ಕೂತರು.

"ಇದ್ಯಾರ ಜಮೀನವ್ವ?"

"ಜಮೀನಲ್ಲ ಅತ್ತೆ, ಜೀವಕೋಶ. ನಮ್ಮ ಮೈಯೆಲ್ಲ ಇದರಿಂದಲೇ ಆಗಿರೋದು."

"ಸುಳ್ಳೇಳ್ಬ್ಯಾಡ. ಗಡಿ ಎಳ್ದಿದ್ದೀಯೆ, ನಡ್ಮದ್ಯ ಬಾವಿ ಮಾಡಿದ್ದೀಯೆ. ಸರ್ವೆ ನಂಬರ್ ಎಷ್ಟು, ಹೇಳು."

ಅವರದೂ ತಪ್ಪಲ್ಲ. ಆ ವರ್ಷಗಳಲ್ಲಿ ಜೀಪಿನಲ್ಲಿ ಬರುವವರು, ಸುತ್ತಿದ ನಕ್ಷೆಯನ್ನು ಹೊಲದ ಬದುವಿನ ಮೇಲೆ ಬಿಡಿಸಿ ಬೆರಳಿಟ್ಟು ಮಾತಾಡುವವರು, ಕೇಳಿದರೆ "ಏನಿಲ್ಲಮ್ಮ, ಸುಮ್ಮನೆ" ಎನ್ನುವವರು ದಿನಕ್ಕೊಬ್ಬರು ಕಾಣುತ್ತಿದ್ದರು. ಅವರು ಹೋದ ಮೇಲೆ ಅಲ್ಲಿ ಕಾರ್ಖಾನೆ ಬರುತ್ತದೆ, ಇಲ್ಲಿ ರಸ್ತೆ ಬರುತ್ತದೆ ಎಂಬ ಸುದ್ದಿ ಹಬ್ಬುತ್ತಿತ್ತು. ಗೆರೆ ಎಳೆದ ಯಾವ ಹಾಳೆಯನ್ನೂ ನಮ್ಮತ್ತೆ ನಂಬುತ್ತಿರಲಿಲ್ಲ. ನಾನು ಪಾಠ ಶುರುಮಾಡಿದೆ. ಈ ಹೊರಗಿನ ಗೆರೆ ಇದೆಯಲ್ಲ, ಇದು ಪೊರೆ. ಬೇಕಾದದ್ದನ್ನು ಮಾತ್ರ ಒಳಗೆ ಬಿಡುತ್ತದೆ, ಬೇಡದ್ದನ್ನು ಬಾಗಿಲಲ್ಲೇ ತಡೆಯುತ್ತದೆ, ಕಸವನ್ನು ಹೊರಗೆ ಹಾಕುತ್ತದೆ.

ಅತ್ತೆಯ ಮುಖ ಸ್ವಲ್ಪ ಸಡಿಲವಾಯಿತು. "ಕಾಲ್ ತೊಳ್ಸಿ ಬುಡ್ತದಾ?"

"ಹ್ಞೂ, ಹಾಗೇ ಅಂದ್ಕೊಳ್ಳಿ."

"ಹಂಗಾದ್ರೆ ಬುದ್ಧಿ ಇರೋರ ಮನೆ. ಮದ್ಯದಲ್ಲಿರೋನು?"

"ಅದು ಕೋಶಕೇಂದ್ರ. ಯಜಮಾನ ಇದ್ದ ಹಾಗೆ. ಏನು ಮಾಡಬೇಕು, ಹೇಗೆ ಮಾಡಬೇಕು ಅಂತ ಅಪ್ಪಣೆ ಬರೋದೆಲ್ಲ ಅಲ್ಲಿಂದ."

"ಈ ಕಡ್ಲೆಕಾಯಂಗಿರೋವು?"

"ಮೈಟೋಕಾಂಡ್ರಿಯಾ ಅಂತ. ಒಲೆ ಅನ್ನಿ. ತಿಂದದ್ದನ್ನ ಉರಿಸಿ ಶಕ್ತಿ ಮಾಡೋದು ಅದೇ. ಒಂದು ತಮಾಷೆ ಗೊತ್ತಾ ಅತ್ತೆ, ಈ ಒಲೆ ತಾಯಿ ಕಡೆಯಿಂದ ಮಾತ್ರ ಮಕ್ಕಳಿಗೆ ಬರುತ್ತೆ. ಅಪ್ಪನ ಕಡೆಯಿಂದ ಬರಲ್ಲ."

ಅತ್ತೆ ಒಳಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದ ಮಗನ ಕಡೆ ಕತ್ತು ಹೊರಳಿಸಿ, "ಅದುಕ್ಕೇಯ ಈ ಗಂಡುಸ್ರು ಒಂದಿನಾನೂ ಒಲೆ ಹಚ್ಚಲ್ಲ" ಎಂದು ಎದ್ದುಹೋದರು. ಹೋಗುವ ಮುಂಚೆ ಹಾಳೆಯ ಹಿಂದುಗಡೆ ಏನಾದರೂ ಬರೆದಿದೆಯೇ ಎಂದು ಮಗುಚಿ ನೋಡಿದರು.

ನಾನು ಬಸುರಿಯಾದದ್ದು ಚಿಕುನ್‌ಗುನ್ಯಾ ಊರೂರು ಸುತ್ತಿದ ವರ್ಷ. ಚನ್ನಪಟ್ಟಣದ ಡಾಕ್ಟರಮ್ಮ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ರಕ್ತ ಕಮ್ಮಿ ಇರೋ ಹಾಗಿದೆ. ಸೆಲ್ಸ್ ಹೇಗಿದೆ ನೋಡಿಸ್ಕೊಂಡು ಬನ್ನಿ. ತಾಯಿ ಸರಿ ಇದ್ರೆ ತಾನೆ ಮಗು?" ಎಂದರು. ಪಕ್ಕದಲ್ಲಿ ನಿಂತಿದ್ದ ಅತ್ತೆ, "ಎಂಗ್ ನೋಡ್ತಾರೆ?" ಎಂದು ಕೇಳಿದರು. ಡಾಕ್ಟರಮ್ಮ ಮೈಕ್ರೋಸ್ಕೋಪು ಎಂದರು. ಅತ್ತೆಗೆ ತಿಳಿಯಲಿಲ್ಲ. ಸುಮ್ಮನಿರಬಾರದೇ ನಾನು? ಟೀಚರಲ್ಲವೇ, ಹಳ್ಳಿಯ ಮಾತಿನಲ್ಲಿ ಬಿಡಿಸಿ ಹೇಳಿದೆ: "ದುರ್ಬೀನು ಅತ್ತೆ. ಒಂದು ತೊಟ್ಟು ರಕ್ತ ತಗೊಂಡು ಗಾಜಿನ ಮೇಲೆ ಸವರಿ, ದುರ್ಬೀನಲ್ಲಿ ನೋಡ್ತಾರೆ."

ಅತ್ತೆಯ ಮುಖ ಬೂದಿಯಾಯಿತು. ಮನೆಗೆ ಬಂದ ಮೇಲೆ ಒಂದೇ ಹಟ. ಏನೂ ಬೇಡ, ಸೊಪ್ಪುಸಾರು ಉಂಡರೆ ರಕ್ತ ತಾನಾಗೇ ಆಗುತ್ತದೆ, ರಾಜನನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಾಗ ನನ್ನನ್ನು ಯಾರು ನೋಡಿದ್ದರು? ಮಗ ಒಪ್ಪಲಿಲ್ಲ. ಯಾಕೆ ಬೇಡ ಎಂದು ಕೇಳಿದರೆ ಅತ್ತೆ ನನ್ನ ಹೊಟ್ಟೆಯ ಕಡೆ ನೋಡಿ ಮಾತು ಬದಲಿಸುತ್ತಿದ್ದರು.

ಕೊನೆಗೆ ಅತ್ತೆಯೇ ನನ್ನನ್ನು ಚನ್ನಪಟ್ಟಣದ ಲ್ಯಾಬಿಗೆ ಕರೆದುಕೊಂಡು ಹೋದರು. ಕೀಲು ಹಿಡಿದುಕೊಂಡು ಕುಂಟುವ ಜನರಿಂದ ಲ್ಯಾಬಿನ ಅಂಗಳ ತುಂಬಿಹೋಗಿತ್ತು. ಒಳಗೆ ನಸೀಮಾ ಎಂಬ ಹುಡುಗಿ ಒಬ್ಬಳೇ. ಚೀಟಿ ತೆಗೆದುಕೊಂಡು ಹೆಸರು ಕರೆಯುತ್ತಿದ್ದಳು. ಕೌಂಟರಿನ ಸಣ್ಣ ಕಿಂಡಿಯಲ್ಲಿ ಕೈ ತೂರಿಸಬೇಕು, ಅವಳು ಬೆರಳಿಗೆ ಚುಚ್ಚಿ ಗಾಜಿನ ಪಟ್ಟಿಗೆ ಒತ್ತಿಕೊಳ್ಳುತ್ತಾಳೆ. ಸ್ಪಿರಿಟ್ಟಿನ ವಾಸನೆ ನನಗೆ ತಡೆಯಲಾಗಲಿಲ್ಲ. ಆಚೆ ಓಡಿಹೋಗಿ ಮೋರಿಯ ಹತ್ತಿರ ವಾಂತಿ ಮಾಡಿಕೊಂಡು, ಅಂಗಡಿಯಲ್ಲಿ ನೀರು ಕೇಳಿ ಬಾಯಿ ಮುಕ್ಕಳಿಸಿ ಬರುವಷ್ಟರಲ್ಲಿ ಅತ್ತೆ ಹೊರಗೆ ನಿಂತಿದ್ದರು.

"ನಡಿ ನಡಿ, ದುರ್ಬೀನು ಕೆಟ್ಟೋಗೈತಂತೆ. ಇನ್ನೊಂದಿನ ಬನ್ನಿ ಅಂದವ್ರೆ."

ಬಸ್ಸಿನಲ್ಲಿ ನೋಡಿದರೆ ಉಂಗುರದ ಬೆರಳಿಗೆ ಅರಿಶಿನ ಮೆತ್ತಿ ಬಟ್ಟೆಯ ಚೂರು ಸುತ್ತಿಕೊಂಡಿದ್ದರು. ಏನತ್ತೆ ಎಂದೆ. ಸೊಪ್ಪು ಕೊಯ್ಯುವಾಗ ಕುಡುಗೋಲು ತಾಗಿತು ಎಂದರು. ಬೆಳಗ್ಗೆ ಅದು ಇರಲಿಲ್ಲವಲ್ಲ ಎಂದು ನನಗೆ ಹೊಳೆಯಲಿಲ್ಲ. ಆಗಿನ್ನೂ ನಾನು ಕೋಡಿಹಳ್ಳಿಯವಳೇ.

ನಾಲ್ಕಾರು ದಿನ ಕಳೆದಿರಬೇಕು. ಸಂಜೆ ನಮ್ಮವರು ಬಂದವರು ಚಪ್ಪಲಿಯನ್ನೂ ಬಿಡದೆ ನಡುಮನೆಗೆ ಬಂದರು. "ಸುನಂದಾ, ನಿನ್ ಸೆಲ್ಲು ಸರಿ ಇಲ್ವಂತೆ."

ಆಗ ತಾನೆ ಮನೆಗೊಂದು ಮೊಬೈಲು ಬಂದಿತ್ತು. "ಚಾರ್ಜಿಗೆ ಹಾಕಿದ್ದೀನಲ್ರೀ" ಎಂದೆ.

"ಆ ಸೆಲ್ಲಲ್ಲ ಕಣೆ, ರಕ್ತದ್ದು. ಲ್ಯಾಬಿನ ನಸೀಮಾ, ನಮ್ ಗೂಡು ತಗಳೋರ ಮಗಳು, ದಾರೀಲಿ ಕರ್ದು ಹೇಳಿದ್ಲು. ರಕ್ತ ತೀರಾ ಕಮ್ಮಿ ಐತಂತೆ. ಈ ಥರ ಇದ್ರೆ ಹೆರಿಗೇಲಿ..." ಎಂದವರು ಅಲ್ಲಿಗೇ ನುಂಗಿಕೊಂಡು, "ನಾಳೇನೇ ಕರ್ಕಂಡ್ ಬನ್ನಿ ಅಂದ್ಲು" ಎಂದರು.

"ನನ್ನ ರಕ್ತ ತೆಗೆದೇ ಇಲ್ಲವಲ್ಲ!"

"ತೆಗ್ದ್ರು, ಎಲ್ಲಾ ಸರಿ ಐತಂತೆ ಅಂತ ಅವ್ವ ಅವತ್ತೇ ಹೇಳ್ತಲ್ಲ?"

"ನನಗೆ ದುರ್ಬೀನು ಕೆಟ್ಟಿದೆ ಅಂದ್ರು!"

ಇಬ್ಬರೂ ಅತ್ತೆಯ ಕಡೆ ತಿರುಗಿದೆವು. ಅವರು ಮೊರದಲ್ಲಿದ್ದ ಅವರೆಕಾಯಿಯನ್ನು ಜೋರಾಗಿ ಸುಲಿಯತೊಡಗಿದರು. "ಎಲ್ಲಾ ಮೋಸ ಕಣ್ಲಾ ರಾಜ. ಅವ್ರುಗೆ ಯಾರ್ದು ಯಾರ್ದೋ ರಕ್ತ ಕಲ್ಸೋಗೈತೆ. ಹೋಗದೇ ಬ್ಯಾಡ ಬುಡು."

ನನ್ನ ಗಂಡ ಲ್ಯಾಬಿನವರ ಮೇಲೆ ಅನುಮಾನಪಟ್ಟರು. ನಾನು ಲ್ಯಾಬಿನವರನ್ನು ಬಿಟ್ಟೆ, ನೇರವಾಗಿ ಅತ್ತೆಯ ಮೇಲೆ ಪಟ್ಟೆ. ನನಗೊಂದು ಮಾತು, ಮಗನಿಗೊಂದು ಮಾತು ಯಾಕೆ ಹೇಳಬೇಕು? ಪರೀಕ್ಷೆಯೇ ಬೇಡ ಎಂದು ಯಾಕೆ ಹಟ ಹಿಡಿಯಬೇಕು? ನನ್ನ ಮಗು ಈ ಹೆಂಗಸಿಗೆ ಬೇಡವೇ? ಒಮ್ಮೆ ಹಾಗೆ ಅನಿಸಿದ್ದೇ ತಡ, ಮದುವೆಯಾದಾಗಿನಿಂದ ಅವರು ಆಡಿದ ಒಂದೊಂದು ಮಾತೂ ಎದ್ದು ಬಂದು ಸಾಕ್ಷಿ ಹೇಳತೊಡಗಿತು. ಪೌಡರು ಕೂಡ. ಅವರು ಬಡಿಸಿದ ಸಾರನ್ನು ಆ ದಿನ ಮೊದಲ ಬಾರಿಗೆ ಮೂಸಿ ಉಂಡೆ. ನನಗೆ ಹೆದರಿಕೆಯಾಗಿತ್ತು, ಅದನ್ನು ಮುಚ್ಚಿಟ್ಟು ಹೇಳುವುದರಲ್ಲಿ ಅರ್ಥವಿಲ್ಲ.

ಮರುದಿನ ಮೂವರೂ ಲ್ಯಾಬಿಗೆ ಹೋದೆವು. ನಸೀಮಾಳದು ಚನ್ನಪಟ್ಟಣದ್ದೇ ಮನೆತನ, ಅವಳ ಅಪ್ಪ, ಅಣ್ಣಂದಿರು ಗೂಡಿನಿಂದ ನೂಲು ತೆಗೆಯುವವರು. ನಾನು ವಿಜ್ಞಾನದ ಟೀಚರೆಂದು ಮೊದಲೇ ಗೊತ್ತಿದ್ದುದರಿಂದ, "ನೀವೇ ನೋಡಿ ಟೀಚರ್" ಎಂದು ಗಾಜಿನ ಪಟ್ಟಿಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟಳು. ಕಣ್ಣಿಟ್ಟೆ. ಕೆಂಪು ರಕ್ತಕಣ ಹೇಗಿರಬೇಕೆಂದು ನಾನೇ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದ್ದೇನೆ. ನಡುವೆ ಕೊಂಚ ತಗ್ಗಿರುವ, ತುಂಬಿಕೊಂಡ ಬಿಲ್ಲೆಗಳು. ಇಲ್ಲಿ ಕಂಡದ್ದು ಬಳೆಗಳು. ಸಣ್ಣವು, ಬಿಳಿಚಿಕೊಂಡವು, ಅಂಚಿನಲ್ಲಿ ಮಾತ್ರ ಒಂದಿಷ್ಟು ಬಣ್ಣ, ಒಳಗೆ ಖಾಲಿ. ಹೂರಣವಿಲ್ಲದ ಒಬ್ಬಟ್ಟಿನಂತೆ.

"ಇದು ನನ್ನದಲ್ಲ" ಎಂದೆ.

"ಹೆಸರು ನಿಮ್ದೇ ಕರ್ದಿದ್ದು ಟೀಚರ್. ನೀವೇ ಕೈ ಹಾಕಿದ್ರಿ. ತೋರ್ಸಿ ನಿಮ್ಮ ಕೈ." ನಸೀಮಾ ನನ್ನ ಎಡಗೈ ಬೆರಳುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ಹುಬ್ಬು ಗಂಟಿಕ್ಕಿದಳು. "ಅರೇ, ಈ ಕೈ ಅಲ್ಲ! ಅವತ್ತೇ ಅಂದ್ಕೊಂಡೆ ನಾನು, ಟೀಚರ್ ಕೈ ಇಷ್ಟೊಂದು ಒರಟಾ ಅಂತ."

ನನ್ನ ಗಂಡ ತಾಯಿಯ ಕೈ ಹಿಡಿದರು. ಅತ್ತೆ ಕೊಸರಿಕೊಂಡರು. ಅರಿಶಿನದ ಬಟ್ಟೆ ಬಿದ್ದುಹೋಗಿತ್ತು, ಬೆರಳ ತುದಿಯಲ್ಲಿ ಹಳದಿ ಉಳಿದಿತ್ತು.

"ಅವ್ವಾ, ನಿಜ ಹೇಳು. ಕುಡ್ಗೋಲ್ ತಾಗಿದ್ದಾ?"

ಅತ್ತೆ ಗೋಡೆ ನೋಡುತ್ತಾ ಹೇಳಿದರು: "ನಂದೇ. ಏನೀಗ?"

ಯಾಕವ್ವ ಎಂದು ನನ್ನ ಗಂಡ ಕೇಳಿದರು. ಅತ್ತೆ ಮತ್ತೆ ನನ್ನ ಹೊಟ್ಟೆಯನ್ನು ನೋಡಿದರು. ಆಮೇಲೆ ನಸೀಮಾಳ ಕಡೆ ತಿರುಗಿ, ಅವಳಿಗೊಬ್ಬಳಿಗೇ ಹೇಳುವವರಂತೆ ಮೆಲ್ಲಗೆ ಶುರುಮಾಡಿದರು.

ನಮ್ಮತ್ತೆಯ ತೌರು ಮಾಗಡಿ ಕಡೆ. ಅಲ್ಲಿ ಬೆಳೆಯುವುದು ಬಿತ್ತನೆ ಗೂಡು, ಅಂದರೆ ಮೊಟ್ಟೆಗಾಗಿ ಚಿಟ್ಟೆ ಮಾಡುವ ಗೂಡು. ಹುಡುಗಿಯಾಗಿದ್ದಾಗ ಅವರು ಆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗೆ ಕೂಲಿಗೆ ಹೋಗುತ್ತಿದ್ದರಂತೆ. ಕೋಠಿಯಲ್ಲಿ ಒಂದೊಂದು ತಾಯಿ ಚಿಟ್ಟೆಯನ್ನೂ ಹಾಳೆಯ ಮೇಲೆ ಬಿಟ್ಟು, ಮೇಲೆ ಆಲಿಕೆಯಂಥ ಮುಚ್ಚಳ ಮುಚ್ಚುತ್ತಾರೆ. ಅದಕ್ಕೆ ಸೆಲ್ಯೂಲ್ ಎಂದು ಹೆಸರು, ಕೂಲಿ ಹೆಂಗಸರ ಬಾಯಲ್ಲಿ ಸೆಲ್ಲು. ಮೊಟ್ಟೆಯಿಟ್ಟ ಮೇಲೆ ಸೆಲ್ಲು ಎತ್ತಿ, ತಾಯಿ ಚಿಟ್ಟೆಯನ್ನು ಪುಟ್ಟ ಕಲ್ಲಿನಲ್ಲಿ ಅರೆದು, ಆ ರಸದ ತೊಟ್ಟನ್ನು ಗಾಜಿನ ಮೇಲೆ ಸವರಿ ಸಾಹೇಬರು ದುರ್ಬೀನಿನಲ್ಲಿ ನೋಡುತ್ತಾರೆ. ರೇಷ್ಮೆ ಹುಳಕ್ಕೆ ಬರುವ ಗಂಟು ರೋಗದ ಕಣ ಕಂಡರೆ ಆ ತಾಯಿಯ ಮೊಟ್ಟೆಗಳನ್ನು ಸುಡಬೇಕು. ಯಾಕೆಂದರೆ ಆ ರೋಗ ತಾಯಿಯಿಂದ ಮೊಟ್ಟೆಗೆ ಬರುತ್ತದೆ. ಅರೆಯುವ ಕಲ್ಲಿನ ಮುಂದೆ ಕೂತಿದ್ದವರು ನಮ್ಮತ್ತೆ. ಬೆಂಕಿಗೆ ಹಾಕುವುದಕ್ಕೂ ಅವರನ್ನೇ ಕಳಿಸುತ್ತಿದ್ದರಂತೆ.

"ಡಾಕ್ಟ್ರಮ್ಮ ತಾಯಿ ಅಂದ್ರು, ಸೆಲ್ಲು ಅಂದ್ರು. ಈವಮ್ಮ ದುರ್ಬೀನು ಅಂತು" ಎಂದು ಅತ್ತೆ ನನ್ನ ಕಡೆ ಗಲ್ಲ ತೋರಿಸಿದರು. "ನೋಡ್ಬುಟ್ಟು, ತಾಯ್ಲಿ ಗಂಟೈತೆ ಅಂದ್ಬುಟ್ರೆ? ಆಮೇಕೇನ್ ಮಾಡ್ತಾರೆ ಅಂತ ನಂಗೊತ್ತಿಲ್ವಾ? ಬಸ್ರಿ ಮುಂದೆ ಅದ್ನ ಬಾಯಲ್ಲಿ ಆಡಂಗಿಲ್ಲ. ಅದುಕ್ಕೇ ನನ್ ಕೈ ಕೊಟ್ಟೆ. ನಂದೇನವ್ವ, ಮೊಟ್ಟೆ ಇಟ್ಟು ಮುಗ್ದಿರೋ ಚಿಟ್ಟೆ. ಅರುದ್ರೆ ಅರೀಲಿ ಅಂತ."

ನಸೀಮಾ ಕೈಯಲ್ಲಿದ್ದ ಹತ್ತಿಯನ್ನು ಕೆಳಗಿಟ್ಟಳು. ಗೂಡಿನ ಮನೆಯಲ್ಲಿ ಹುಟ್ಟಿದವಳು, ಅವಳಿಗೆ ಗಂಟು ರೋಗವೆಂದರೆ ಬಿಡಿಸಿ ಹೇಳಬೇಕಿರಲಿಲ್ಲ. ನನ್ನ ಗಂಡ ಗಡಿಯಾರ ನೋಡುತ್ತಾ ನಿಂತುಬಿಟ್ಟರು. ನನಗೆ ನಗುವೋ ಸಿಟ್ಟೋ ತಿಳಿಯದೆ ಕೊನೆಗೆ ಅಳುವೇ ಬಂತು. ಇವರು ಬಡಿಸಿದ ಸಾರನ್ನು ಮೂಸಿದ್ದೆನಲ್ಲ.

"ಅಯ್ಯೋ, ಅಳ್ಬ್ಯಾಡ ಬುಡವ್ವ, ಒಳಗಿರೋದಕ್ಕೆ ಕೇಳ್ತದೆ" ಎಂದರು ಅತ್ತೆ. ಆಮೇಲೆ ನಸೀಮಾಳಿಗೆ, "ಗಂಟೈತಾ ನಂಗೆ? ಇದ್ರೆ ಇರೋದ್ ಹೇಳು" ಎಂದರು.

"ಗಂಟು ಮನುಷ್ಯರಿಗೆ ಬರಲ್ಲಮ್ಮ. ಬನ್ನಿ, ನೀವೇ ನೋಡಿ."

ಕೋಠಿಯಲ್ಲಿ ಅಷ್ಟು ವರ್ಷ ಚಿಟ್ಟೆ ಅರೆದಿದ್ದರೂ ದುರ್ಬೀನಿಗೆ ಕಣ್ಣಿಡಲು ಅವರಿಗೆ ಯಾರೂ ಬಿಟ್ಟಿರಲಿಲ್ಲವಂತೆ. ಸೆರಗಿನಿಂದ ಕೈ ಒರೆಸಿಕೊಂಡು, ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು.

"ಎಲ್ಲಾ ಬರೀ ಬಳೆ. ಯಜಮಾನ ಎಲ್ಲಿ?" ಎಂದರು. ನನ್ನ ಹಾಳೆಯ ಚಿತ್ರ ನೆನಪಿಟ್ಟುಕೊಂಡಿದ್ದರು!

"ಕೆಂಪು ಕಣಕ್ಕೆ ಯಜಮಾನ ಇರಲ್ಲ ಅತ್ತೆ" ಎಂದೆ ಮೂಗೊರೆಸಿಕೊಳ್ಳುತ್ತಾ. "ಹುಟ್ಟುವಾಗ ಇರುತ್ತೆ. ಹೊರೆ ಹೊರೋದಕ್ಕೆ ಜಾಗ ಬೇಕು ಅಂತ ಅದನ್ನ ಆಚೆ ಹಾಕಿ, ಆಮೇಲೆ ಬದುಕಿರೋವರೆಗೂ ಮೈಯೆಲ್ಲ ಸುತ್ತಿ ಉಸಿರು ಹೊರುತ್ತೆ."

"ಯಜಮಾನ ಇಲ್ದೇನೂ ದುಡೀತದೆ?"

"ದುಡಿಯುತ್ತೆ."

"ದುಡ್ದೂ ದುಡ್ದೂ ಇಂಗೆ ಬಿಳ್ಚ್‌ಕಂಡವೆ" ಎಂದು ಅತ್ತೆ ದುರ್ಬೀನಿನಿಂದ ಕಣ್ಣು ತೆಗೆದರು. ಅಲ್ಲಿಯವರೆಗೆ ನಮ್ಮಲ್ಲಿ ಯಾರೂ ಅವರ ಮುಖವನ್ನು ಸರಿಯಾಗಿ ನೋಡಿರಲಿಲ್ಲ. ಸೊಪ್ಪಿನ ಹೊರೆ ಇಳಿಸಿ ಏದುಸಿರು ಬಿಟ್ಟರೆ ವಯಸ್ಸು ಎನ್ನುತ್ತಿದ್ದೆವು. ಉಗುರು ಬೆಳ್ಳಗಿದ್ದರೆ ಸುಣ್ಣ ಎನ್ನುತ್ತಿದ್ದೆವು.

ಡಾಕ್ಟರಮ್ಮ ಅವರನ್ನು ಅವತ್ತೇ ಮಲಗಿಸಿಕೊಂಡು ರಕ್ತ ಕೊಡಿಸಿದರು. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಎದೆ ನಿಲ್ಲುತ್ತಿತ್ತು ಎಂದು ನಮ್ಮವರನ್ನು ಪಕ್ಕಕ್ಕೆ ಕರೆದು ಹೇಳಿದರಂತೆ. ಕಾರಣವೂ ಸಿಕ್ಕಿತು. ಹೊಟ್ಟೆಯಲ್ಲಿ ಕೊಕ್ಕೆ ಹುಳ. ಬರಿಗಾಲಲ್ಲಿ ತೋಟ ತಿರುಗುವವರ ಅಂಗಾಲಿನಿಂದ ಒಳಗೆ ಹೊಕ್ಕು, ಕರುಳು ಕಚ್ಚಿಕೊಂಡು ರಕ್ತ ಹೀರುವ ಹುಳ. ಲೋಕಕ್ಕೆಲ್ಲ ಕಾಲು ತೊಳೆಸಿದವರ ಕಾಲಿನಿಂದಲೇ! ಅತ್ತೆಗೆ ಕಾಯಿಲೆಗಿಂತ ಇದರಿಂದ ಹೆಚ್ಚು ಅವಮಾನವಾಯಿತು. "ಹೊರ್ಗೂ ಹುಳ ಸಾಕ್ದೆ, ಒಳ್ಗೂ ಹುಳ ಸಾಕ್ದೆ. ಒಳ್ಗಿನವು ಒಂದ್ ಗೂಡೂ ಕಟ್ಲಿಲ್ವಲ್ಲ" ಎಂದು ಹಾಸಿಗೆಯಲ್ಲೇ ಗೊಣಗಿದರು.

ನನಗೂ ಕೈ ಚುಚ್ಚಿದರು. ನನ್ನ ಕಣಗಳು ಕೊಂಚ ಬಡಕಲು, ಅಷ್ಟೇ. ಅತ್ತೆ ಸೊಸೆ ಇಬ್ಬರಿಗೂ ಒಂದೇ ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟರು. ಅತ್ತೆ ಅದನ್ನು ಉಗುರಿನಿಂದ ಕೆರೆದು, ಮೂಸಿ, ನೀರಿನಲ್ಲಿ ನೆನೆಹಾಕಿ, ತುಕ್ಕಿನ ಬಣ್ಣ ಬಿಡುತ್ತದೆಯೇ ಎಂದು ಕಾದು ನೋಡಿದರು. "ಲೋ ರಾಜ, ಇದ್ ನಿಮ್ ಫ್ಯಾಕ್ಟ್ರೀಲ್ ಮಿಕ್ಕಿದ್ ಕಬ್ಬಿಣ ಅಲ್ಲ ತಾನೆ?" ಎಂದು ಕೇಳಿದರು. ನಾನು ಮೊದಲು ನುಂಗಿ, ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಿದ ಮೇಲೆಯೇ ಅವರು ನುಂಗುತ್ತಿದ್ದದ್ದು. ಹೆರಿಗೆಯಾಗುವವರೆಗೂ ಹೀಗೇ ನಡೆಯಿತು. ಮಗಳು ಹುಟ್ಟಿದಾಗ ಎತ್ತಿಕೊಳ್ಳುವ ಮೊದಲು ಅವಳ ಅಂಗಾಲನ್ನು ತಿರುಗಿಸಿ ನೋಡಿದರು, ಆಮೇಲೆ ಮುಖ ನೋಡಿದರು.

ಅದಾಗಿ ಎಷ್ಟೋ ವರ್ಷದ ಮೇಲೆ ಟೀಚರುಗಳಿಗೆಂದು ರಾಮನಗರದಲ್ಲಿ ನಡೆದ ತರಬೇತಿಯಲ್ಲಿ ಒಬ್ಬರು ಒಂದು ವಿಷಯ ಹೇಳಿದರು. ಬಸುರಿನಲ್ಲಿ ಮಗುವಿನ ಒಂದಷ್ಟು ಜೀವಕೋಶಗಳು ತಾಯಿಯ ರಕ್ತಕ್ಕೆ ದಾಟಿಬಿಡುತ್ತವಂತೆ. ಅರ್ಧ ಪರಕೀಯರ ಗುರುತು ಹೊತ್ತ ಅವುಗಳನ್ನು ತಾಯಿಯ ಮೈ ನಿಜವಾಗಿ ಅಟ್ಟಬೇಕು. ಎಲ್ಲವನ್ನೂ ಅಟ್ಟುವುದಿಲ್ಲವಂತೆ. ಕೆಲವು ಹೆರಿಗೆಯಾಗಿ ಹತ್ತಾರು ವರ್ಷ ಕಳೆದರೂ ಅಲ್ಲೇ ಉಳಿದುಬಿಡುತ್ತವಂತೆ. ಬಸ್ಸಿನಲ್ಲಿ ಬರುತ್ತಾ ನಾನು ಲೆಕ್ಕ ಹಾಕಿದೆ. ನನ್ನ ಮಗಳಲ್ಲಿ ಅರ್ಧ ಅವಳ ಅಪ್ಪ. ಅವಳ ಅಪ್ಪನಲ್ಲಿ ಅರ್ಧ ಪುಟ್ಟಮ್ಮ. ಅಂದಮೇಲೆ ಪುಟ್ಟಮ್ಮನವರ ಒಂದು ಪಾಲು ನನ್ನ ಮೈಯೊಳಗೆ ಎಲ್ಲೋ ಸುತ್ತುತ್ತಿರಬಹುದು, ಯಾವುದೋ ಬಾಗಿಲಿಗೆ ಅಡ್ಡ ಕೈಯಿಟ್ಟು ಮೂಗರಳಿಸುತ್ತಿರಬಹುದು. ಮಗಳು ರಕ್ತದಲ್ಲೇ ಬಂದಿದೆ ಎಂದು ಗೇಲಿ ಮಾಡಿದಾಗ ಮೊನ್ನೆ ನನಗೆ ನೆನಪಾದದ್ದು ಇದೇ.

ತರಬೇತಿಯಿಂದ ಬಂದ ಸಂಜೆಯೇ ಈ ಲೆಕ್ಕವನ್ನು ಅತ್ತೆಗೆ ಹೇಳಿದ್ದೆ. ಆಗ ಅವರಿಗೆ ಕಣ್ಣು ಮಂದವಾಗಿತ್ತು. ಹುಳದ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬೋಸಿಯ ಪಕ್ಕ ಕೂತಿದ್ದರು. ಎಲ್ಲ ಕೇಳಿಸಿಕೊಂಡು, "ದುರ್ಬೀನಲ್ಲಿ ಕಣ್ಣಾರೆ ನೋಡಿದ್ಯಾ?" ಎಂದರು.

"ಇಲ್ಲ ಅತ್ತೆ, ಅವರು ಹೇಳಿದ್ದು."

"ಹಂಗಾದ್ರೆ ನಂಬಬ್ಯಾಡ."

ನಾನು ನಕ್ಕು ಒಳಗೆ ಹೊರಟೆ. ಹಿಂದಿನಿಂದ ಕೂಗಿದರು.

"ಏ ಸುನಂದಾ, ಇಲ್ ಕೇಳು. ಒಂದ್ ಪಕ್ಸ ಬಂದಿದ್ರೂ ಕಾಲ್ ತೊಳ್ಕಂಡೇ ಬಂದಿರ್ತೀನಿ. ನೀನೇನ್ ಯೋಚ್ನೆ ಮಾಡ್ಬ್ಯಾಡ."